ಕಾಲು ನೋಡುವ ಚಾಳಿ

ಯಾರಾದರೂ ಮನೆಗೆ ಬಂದರೆ ನಾನು ಮೊದಲು ನೋಡುವುದು ಅವರ ಕಾಲನ್ನು. ಮುಖ ಆಮೇಲೆ. ಇದು ಒಳ್ಳೆಯ ಚಾಳಿಯಲ್ಲ ಎಂದು ನನ್ನ ಹೆಂಡತಿ ನಲವತ್ತು ವರ್ಷಗಳಿಂದ ಹೇಳುತ್ತಿದ್ದಾಳೆ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ನಾನು ತಲೆ ತಗ್ಗಿಸಿ ಕೂತಿದ್ದನ್ನು ಕಂಡು, ಹುಡುಗಿಯ ತಂದೆ ಬಹಳ ಸಂಕೋಚದ ಮನುಷ್ಯ ಎಂದು ಅವರು ಮೆಚ್ಚಿಕೊಂಡರಂತೆ. ನಾನು ನೋಡುತ್ತಿದ್ದದ್ದು ಹುಡುಗನ ಹಿಮ್ಮಡಿಯನ್ನು. ಚಪ್ಪಲಿಯನ್ನು ಎಲ್ಲಿ ಬಿಟ್ಟು ಬಂದಿದ್ದಾನೆ, ಬಾಗಿಲ ಎದುರಿಗೋ ಪಕ್ಕಕ್ಕೋ ಎಂಬುದನ್ನು ಅದಕ್ಕೂ ಮೊದಲೇ ಕಿಟಕಿಯಿಂದ ನೋಡಿ ಆಗಿತ್ತು. ಪಕ್ಕಕ್ಕೇ ಬಿಟ್ಟಿದ್ದ. ಮದುವೆ ಆಯಿತು.

ಪತ್ರಿಕೆಯ ಕೆಲಸದಲ್ಲಿ ಬದುಕು ಕಳೆದವನಿಗೆ ಈ ಚಾಳಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಪತ್ರಿಕೆಯಿಂದ ಬಂದದ್ದಲ್ಲ. ನನ್ನ ದೊಡ್ಡವ್ವನಿಂದ ಬಂದದ್ದು. ದೊಡ್ಡವ್ವ ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ. ದೊಡ್ಡಪ್ಪ ಮಾದಪ್ಪಗೌಡರು ತೀರಿಕೊಂಡ ಮೇಲೆ ಭೀಮನಬೀಡಿನ ನಮ್ಮ ಮನೆಯ ಬೇಸಾಯವೆಲ್ಲ ಅವಳ ಕೈಗೆ ಬಂತು. ನನ್ನ ತಂದೆಗೆ ಬೇಸಾಯಕ್ಕಿಂತ ಭಜನೆ ಹೆಚ್ಚು ಹಿಡಿಸುತ್ತಿತ್ತು. ಯಾವ ಹೊಲಕ್ಕೆ ಏನು ಬಿತ್ತಬೇಕು, ಯಾವ ಎತ್ತನ್ನು ಯಾವಾಗ ಮಾರಬೇಕು ಎಂಬುದನ್ನು ದೊಡ್ಡವ್ವ ಹೇಳುತ್ತಿದ್ದಳು. ತಂದೆ ತಾಳ ಹಿಡಿದುಕೊಂಡೇ ಹೂಂಗುಟ್ಟುತ್ತಿದ್ದರು.

ಐವತ್ತೆರಡರ ಚುನಾವಣೆಯಲ್ಲಿ ದೊಡ್ಡವ್ವ ವೋಟು ಹಾಕಲಿಲ್ಲ. ಹೆಸರು ಬರೆದುಕೊಳ್ಳಲು ಬಂದ ಗುಮಾಸ್ತ ಹೆಸರು ಕೇಳಿದರೆ ಅವಳು, 'ಮಾದಪ್ಪಗೌಡ್ರ ಮನೆಯೋರು' ಎಂದಳು. ಅದು ಹೆಸರಲ್ಲ ಎಂದ ಅವನು. ಇಷ್ಟು ವರ್ಷ ಅದೇ ಸಾಕಾಗಿತ್ತಲ್ಲ ಎಂದಳು ಇವಳು. ಪಟ್ಟಿಯಲ್ಲಿ ಅವಳು ಬರಲೇ ಇಲ್ಲ. ಐದು ವರ್ಷದ ನಂತರ ಇನ್ನೊಬ್ಬ ಗುಮಾಸ್ತ ಬಂದಾಗ ಕೇಳುವ ಮೊದಲೇ, 'ಪುಟ್ಟಮಲ್ಲಮ್ಮ, ಬರ್ಕ' ಎಂದುಬಿಟ್ಟಳು. ಅದು ಅವಳ ಹೆಸರು ಎಂದು ನನಗೆ ತಿಳಿದದ್ದೂ ಆ ದಿನವೇ. ಹಾಗಾಗಿ ಐವತ್ತೇಳರದು ಅವಳ ಮೊದಲ ವೋಟು. ಅದನ್ನು ಅವಳು ಎಷ್ಟು ದೊಡ್ಡದೆಂದು ತಿಳಿದಿದ್ದಳು ಎಂಬುದು ನನಗೆ ನಿಧಾನವಾಗಿ ಗೊತ್ತಾಯಿತು.

ಆಗ ನಾನು ಚಾಮರಾಜನಗರದಲ್ಲಿ ಒಂದು ಕೋಣೆ ಹಿಡಿದು ಮೈಸೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ನಮ್ಮ ಸಂಪಾದಕರು ಮಿತಭಾಷಿ. 'ಕಂಡದ್ದನ್ನು ಬರಿ. ಅನ್ನಿಸಿದ್ದನ್ನು ನಿನ್ನ ಹೆಂಡತಿಗೆ ಹೇಳು' ಎಂದಿದ್ದರು. 'ಇನ್ನೂ ಮದುವೆಯಾಗಿಲ್ಲ ಸಾರ್' ಎಂದೆ. 'ಹಾಗಾದರೆ ಯಾರಿಗೂ ಹೇಳಬೇಡ' ಎಂದರು. ನಾನು ಅದನ್ನು ವೇದವಾಕ್ಯದಂತೆ ಪಾಲಿಸುತ್ತಿದ್ದೆ. ಕಿಸೆಯಲ್ಲಿ ಒಂದು ನೋಟ್ ಪುಸ್ತಕ, ಕಿವಿಯಲ್ಲಿ ಒಂದು ಪೆನ್ಸಿಲು. ಯಾರು ಏನು ಹೇಳಿದರೂ ಬರೆದುಕೊಳ್ಳುತ್ತಿದ್ದೆ. ಕೆಲವರು ನನ್ನನ್ನು ಸರ್ವೆ ಇಲಾಖೆಯವನೆಂದು ತಿಳಿದು ತಮ್ಮ ಜಮೀನಿನ ಅಳತೆ ತಪ್ಪಾಗಿದೆ ಎಂದು ಅಹವಾಲು ಹೇಳಿದ್ದೂ ಉಂಟು.

ಚುನಾವಣೆ ಹತ್ತಿರ ಬಂದಾಗ ಸಂಪಾದಕರಿಂದ ಒಂದು ಕಾರ್ಡು ಬಂತು: ಸಾಮಾನ್ಯ ಜನ ಅಭ್ಯರ್ಥಿಯಲ್ಲಿ ಏನನ್ನು ನೋಡುತ್ತಾರೆ, ವಿಚಾರಿಸಿ ಬರೆ. ನಾನು ಶಿಸ್ತಿನವನಲ್ಲವೇ, ನೋಟ್ ಪುಸ್ತಕದಲ್ಲಿ ಮೊದಲೇ ಗೆರೆ ಎಳೆದು ಮನೆಗಳನ್ನು ಮಾಡಿಕೊಂಡೆ. ರಸ್ತೆ, ನೀರು, ಶಾಲೆ, ಆಸ್ಪತ್ರೆ. ಜನರ ಉತ್ತರಗಳನ್ನು ಆಯಾ ಮನೆಗೆ ಸೇರಿಸುವುದಷ್ಟೇ ಉಳಿದ ಕೆಲಸ ಎಂದುಕೊಂಡೆ.

ಒಂದು ಉತ್ತರವೂ ಆ ಮನೆಗಳಿಗೆ ಹೊಂದಲಿಲ್ಲ. ಉಮ್ಮತ್ತೂರಿನಲ್ಲಿ ನೀರು ಸೇದುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದೆ. 'ನಮ್ಮ ಬಾವಿ ನೀರು ಸವುಳು ಕಣಪ್ಪ. ಕುಡುದ್ ಮ್ಯಾಕೆ ಮೊಕ ಕಿವುಚ್ದೆ ಇರೋನು ಯಾವನೋ ಅವ್ನಿಗೆ' ಎಂದಳು. ಇದನ್ನು 'ನೀರು' ಎಂಬ ಮನೆಗೆ ಹಾಕಬಹುದೇ ಎಂದು ಬಹಳ ಹೊತ್ತು ಯೋಚಿಸಿದೆ. ಬಂಡೀಪುರದ ಕಡೆಯ ಅರಣ್ಯದ ಕಾವಲುಗಾರನೊಬ್ಬ, ಆನೆ ಎದುರಾದಾಗ ಜೊತೆಯವರನ್ನು ಬಿಟ್ಟು ಓಡದವನು ಬೇಕು ಎಂದ. ಅದನ್ನು ಪರೀಕ್ಷಿಸುವುದು ಹೇಗೆ ಎಂದು ಕೇಳಿದೆ. 'ಆನೆ ನಾವು ತರ್ತೀವಿ ಬುಡಿ ಸೋಮಿ, ಕ್ಯಾಂಡಿಡೇಟ್ನ ನೀವು ಕರ್ಕಬನ್ನಿ' ಎಂದ.

ಇನ್ನು ನಮ್ಮ ಮನೆಯ ಸಂಗತಿ. ಆ ಸಲ ನಿಂತವರಲ್ಲಿ ಒಬ್ಬರು ಗುಂಡ್ಲುಪೇಟೆಯ ಸಾಹುಕಾರರು. ದವಸದ ದೊಡ್ಡ ಮಂಡಿ ಇಟ್ಟಿದ್ದವರು. ನಮಗೆ ದೂರದ ನಂಟು, ದೊಡ್ಡವ್ವನಿಗೆ ಮೈದುನನ ವರಸೆ. ಪ್ರಚಾರ ಶುರುವಾದ ವಾರದಲ್ಲೇ ಅವರು ನಮ್ಮ ಮನೆಗೆ ಬಂದು, ತಟ್ಟೆಯಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು, 'ಅತ್ತಿಗಮ್ಮ, ಕೈ ಬುಡ್ಬೇಡಿ' ಎಂದರು. ದೊಡ್ಡವ್ವ ವೀಳ್ಯ ತೆಗೆದುಕೊಂಡಳು. ನಂಟ ಕೊಟ್ಟ ವೀಳ್ಯವನ್ನು ಬೇಡ ಎನ್ನುವುದು ಹೇಗೆ? ಆದರೆ ನಮ್ಮ ಕಡೆ ವೀಳ್ಯ ತೆಗೆದುಕೊಂಡರೆ ಮಾತು ಕೊಟ್ಟಂತೆ. ಹೆಣ್ಣು ಗೊತ್ತಾಗುವುದೂ ಅದರಿಂದಲೇ, ಎತ್ತಿನ ವ್ಯಾಪಾರ ಮುಗಿಯುವುದೂ ಅದರಿಂದಲೇ. ಕಾಗದ ಪತ್ರಗಳೆಲ್ಲ ಆಮೇಲಿನವು.

ಚುನಾವಣೆಯವರು ಪಂಚಾಂಗ ನೋಡಿ ದಿನ ಇಡುವುದಿಲ್ಲ. ನಮ್ಮಲ್ಲಿ ರಾಗಿಯ ಕಣ ನಡೆಯುವ ಕಾಲಕ್ಕೇ ಪ್ರಚಾರವೂ ಬಂತು. ಕಣ ಎಂದರೆ ಹೊಲದಲ್ಲಿ ನೆಲ ಸಮ ಮಾಡಿ, ಸಗಣಿ ಸಾರಿಸಿ, ತೆನೆ ಬಡಿದು ರಾಶಿ ಮಾಡುವ ಜಾಗ. ನೋಡುವವರಿಗೆ ಬರಿಯ ನೆಲ. ಅಲ್ಲಿಗೆ ಯಾರೂ ಮೆಟ್ಟು ಮೆಟ್ಟಿಕೊಂಡು ಹೋಗುವುದಿಲ್ಲ. ರಾಶಿ ಅಳೆಯುವಾಗ ಮಾತೂ ಇಲ್ಲ. ಅಳೆಯುವವನು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, 'ಲಾಭ' ಎನ್ನುತ್ತಾನೆ. ಆಮೇಲೆ ಎರಡು, ಮೂರು. ಅವನ ದನಿ ಬಿಟ್ಟು ಬೇರೆ ದನಿ ಕೇಳಬಾರದು. ನಡುವೆ ಯಾರಾದರೂ ಮಾತಾಡಿದರೆ, ನಮ್ಮ ಮನೆಯ ಪದ್ಧತಿಯಲ್ಲಿ, ಅಳೆದ ರಾಗಿಯನ್ನೆಲ್ಲ ಮತ್ತೆ ರಾಶಿಗೆ ಸುರಿದು ಪೂಜೆಯಿಂದ ಶುರುಮಾಡಬೇಕು. ನನ್ನ ಬಾಲ್ಯದಲ್ಲಿ ಒಮ್ಮೆ ಹದಿನೆಂಟನೆಯ ಕೊಳಗದಲ್ಲಿ ನಾನು ಸೀನಿದ್ದೆ. ಸೀನನ್ನು ಮಾತೆಂದು ಎಣಿಸಬೇಕೇ ಬೇಡವೇ ಎಂದು ಹಿರಿಯರು ಕಣ್ಣಿನಲ್ಲೇ ಚರ್ಚೆ ಮಾಡಿದರು. ಕೊನೆಗೆ ದೊಡ್ಡವ್ವ ಬೆರಳೆತ್ತಿ ಅಳೆ ಎಂದು ಸನ್ನೆ ಮಾಡಿದಳು. ನಾನು ಬದುಕಿದೆ.

ಆ ದಿನ ನಾನು ಊರಿನಲ್ಲೇ ಇದ್ದೆ. ನಮ್ಮ ಆಳು ಸಿದ್ದಯ್ಯ ಅಳೆಯುತ್ತಿದ್ದ. ನಾನು ಬದುವಿನ ಮೇಲೆ ಕೂತು ನೋಟ್ ಪುಸ್ತಕ ತೆರೆದಿದ್ದೆ. ಇಪ್ಪತ್ತನೆಯ ಕೊಳಗ ದಾಟಿರಬೇಕು, ಜೀಪಿನ ಸದ್ದು ಕೇಳಿತು. ಸಾಹುಕಾರರು ಇಳಿದರು. ಹಿಂದೆ ಏಳೆಂಟು ಜನ. ಒಬ್ಬನ ಕೈಯಲ್ಲಿ ತಗಡಿನ ತುತ್ತೂರಿ. ಅದರಲ್ಲೇ 'ಅತ್ತಿಗಮ್ಮಾ!' ಎಂದು ಕೂಗಿಸಿದರು. ಸಿದ್ದಯ್ಯನ ಕೊಳಗ ಗಾಳಿಯಲ್ಲೇ ನಿಂತಿತು. ಸಾಹುಕಾರರು ಬೂಟುಗಾಲಿನಲ್ಲಿ ನೇರ ಕಣದೊಳಕ್ಕೆ ಬಂದು, ರಾಶಿಯಿಂದ ಒಂದು ಹಿಡಿ ರಾಗಿ ಎತ್ತಿ ಅಂಗೈ ಮೇಲೆ ಆಡಿಸಿ, 'ಒಳ್ಳೆ ಫಸಲು ಬಂದದೆ ಅತ್ತಿಗಮ್ಮ, ನಮ್ಮ ಪೆಟ್ಟಿಗೇನೂ ಹಿಂಗೇ ತುಂಬಬೇಕು' ಎಂದು ನಕ್ಕರು. ಜೊತೆಯವರೂ ನಕ್ಕರು. ಸಾಹುಕಾರರು ಕೆಟ್ಟವರಲ್ಲ. ಎರಡು ತಲೆಮಾರಿನಿಂದ ಮಂಡಿಯಲ್ಲಿ ಕೂತವರು. ರಾಗಿಯನ್ನು ಮೂಟೆಯಲ್ಲಿ ಕಂಡವರು, ಕಣದಲ್ಲಿ ಕಂಡವರಲ್ಲ.

ದೊಡ್ಡವ್ವ ಅವರ ಕಾಲನ್ನೇ ನೋಡುತ್ತಿದ್ದಳು. ಜೀಪು ಹೋದ ಮೇಲೆ ಸಗಣಿನೀರು ತಂದು ಬೂಟಿನ ಅಚ್ಚುಗಳನ್ನು ಒಂದೊಂದಾಗಿ ಸಾರಿಸಿದಳು. ಸಿದ್ದಯ್ಯ ಅಳೆದದ್ದನ್ನೆಲ್ಲ ರಾಶಿಗೆ ಸುರಿದ. ಮತ್ತೆ ಪೂಜೆ, ಮತ್ತೆ 'ಲಾಭ'.

ಎರಡನೆಯ ಸಲದ ಅಳತೆ ನಡೆಯುತ್ತಿರುವಾಗ ಹೊಲಗಳ ನಡುವೆ ಬದು ಹಿಡಿದು ಇಬ್ಬರು ಬರುವುದು ಕಂಡಿತು. ಚಾಮರಾಜನಗರದ ವಕೀಲರು, ಅವರ ಹಿಂದೆ ಅವರ ಗುಮಾಸ್ತ. ಅವರೂ ಅಭ್ಯರ್ಥಿ. ಜೀಪಿಲ್ಲ. ಬಸ್ಸಿಳಿದು ನಡೆದು ಬಂದಿದ್ದರು. ಹೊಲದಾಚೆಯ ಹಳ್ಳ ದಾಟುವಾಗ ವಕೀಲರ ಚಪ್ಪಲಿಯ ಬಾರು ಕಿತ್ತುಹೋದದ್ದನ್ನು ನಾನು ಕಣ್ಣಾರೆ ಕಂಡು ಬರೆದುಕೊಂಡೆ. ಚಪ್ಪಲಿ ಕೈಯಲ್ಲಿ ಹಿಡಿದು ಬಂದ ಅವರು ಕಣದ ಅಂಚಿನ ಹುಣಸೆಮರದ ಕೆಳಗೆ ನಿಂತುಬಿಟ್ಟರು. ಬಿಸಿಲು ಮರದ ಇನ್ನೊಂದು ಕಡೆಗೆ ಹೋಗುವವರೆಗೂ ನಿಂತಿದ್ದರು. ಒಂದು ಮಾತಿಲ್ಲ. ಗುಮಾಸ್ತ ನನ್ನ ಪಕ್ಕಕ್ಕೆ ಬಂದು ಕೂತು ಕಿವಿಯಲ್ಲಿ, 'ಸಾಹೇಬರ ಗಂಟಲು ನೆನ್ನೆಯಿಂದ ಪೂರ್ತಿ ಕಟ್ಟಿಬಿಟ್ಟಿದೆ. ಒಂದಕ್ಷರ ಹೊರಡೋಲ್ಲ. ಪೇಪರಿನಲ್ಲಿ ಹಾಕಬೇಡಿ' ಎಂದ. ಅದನ್ನೂ ಬರೆದುಕೊಂಡೆ.

ಅಳತೆ ಮುಗಿದ ಮೇಲೆ ವಕೀಲರು ಬೊಗಸೆ ಒಡ್ಡಿ ನೀರು ಬೇಕೆಂದು ಸನ್ನೆ ಮಾಡಿದರು. ದೊಡ್ಡವ್ವ ಚೊಂಬಿನಿಂದ ಸುರಿದಳು. ಕುಡಿದರು. ಕೈ ಮುಗಿದರು. ಬಂದ ದಾರಿಯಲ್ಲೇ ಹೊರಟುಹೋದರು. ವೋಟು ಕೇಳಲೇ ಇಲ್ಲ. ಕೇಳಲು ದನಿ ಎಲ್ಲಿತ್ತು?

ಆ ಸಂಜೆ ದೊಡ್ಡವ್ವ ಮುದ್ದೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಳು.

'ಏನ್ ದೊಡ್ಡವ್ವ, ಸೇರ್ನಿಲ್ವಾ?' ಎಂದೆ.

'ಆ ಲಾಯ್ರಿ ಅಂಗೇ ನಿಂತ್ಕಂಡಿದ್ನಲ್ಲ ಕೂಸೆ, ಮರ ನಿಂತಂಗೆ. ನನ್ ವೋಟು ಅವ್ನಿಗೇ ಓಗ್ಬೇಕು ಅಂತದೆ ಮನ್ಸು. ಆದ್ರೆ ವೀಳ್ಯ ತಗಬುಟ್ಟಿದ್ದೀನಲ್ಲಾ.'

ನನಗೆ ನಗು ಬಂತು. ಓದಿದವನ ಗತ್ತಿನಲ್ಲಿ ವಿವರಿಸಿದೆ. ಒಂದು ಕೋಣೆ ಇರುತ್ತದೆ, ಪರದೆ ಕಟ್ಟಿರುತ್ತಾರೆ, ಒಳಗೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಮೇಲೆ ಅವರವರ ಗುರುತು. ಚೀಟಿಯನ್ನು ಯಾವ ಪೆಟ್ಟಿಗೆಗೆ ಹಾಕಿದೆ ಎಂದು ಸಾಹುಕಾರರಿಗೆ ಹೋಗಲಿ, ಸರ್ಕಾರಕ್ಕೂ ತಿಳಿಯುವುದಿಲ್ಲ.

'ಅಲ್ಲಿ ಯಾರೂ ಇರಲ್ಲ ದೊಡ್ಡವ್ವ' ಎಂದೆ.

'ನಾನಿರ್ತೀನಲ್ಲ' ಎಂದಳು.

ನಾನು ನೋಟ್ ಪುಸ್ತಕ ತೆಗೆಯಲಿಲ್ಲ. ಅವಳು ಕೊಟ್ಟ ಮಾತಿಗೆ ಕಟ್ಟುಬಿದ್ದು ಬೂಟುಗಾಲಿನವರಿಗೆ ಹಾಕಬೇಕು, ಇಲ್ಲವೇ ವೋಟನ್ನೇ ಹಾಕದೆ ಮನೆಯಲ್ಲಿ ಕೂರಬೇಕು. ಹೆಸರು ಹೇಳಿ ಪಟ್ಟಿಗೆ ಸೇರಿದವಳು ಮತ್ತೆ 'ಮಾದಪ್ಪಗೌಡ್ರ ಮನೆಯೋರು' ಆಗಿ ಉಳಿಯುವಂತಿತ್ತು. ನನ್ನ ಕಷ್ಟ ಇನ್ನೊಂದು. ವಕೀಲರ ಮೌನ ಗಂಟಲಿನದು, ಅವರ ಬರಿಗಾಲು ಕಿತ್ತುಹೋದ ಬಾರಿನದು ಎಂದು ನನಗೆ ಗೊತ್ತಿತ್ತು. ಹೇಳಿದರೆ ಅವಳ ವೋಟನ್ನು ನಾನೇ ತಿರುಗಿಸಿದಂತೆ. ಹೇಳದಿದ್ದರೆ ಕಂಡದ್ದನ್ನು ಮುಚ್ಚಿಟ್ಟಂತೆ. ವರದಿಗಾರನಾದವನು ವೋಟು ಬೀಳುವವರೆಗೆ ಬಾಯಿ ಬಿಡಬಾರದು ಎಂದು ನನಗೆ ನಾನೇ ಒಂದು ನಿಯಮ ಮಾಡಿಕೊಂಡು ಸುಮ್ಮನಾದೆ. ಅದೇನು ನೆಮ್ಮದಿಯ ನಿಯಮವಲ್ಲ.

ಮಾರನೆಯ ಬೆಳಿಗ್ಗೆ ದೊಡ್ಡವ್ವ ಎದ್ದವಳೇ ಸಿದ್ದಯ್ಯನಿಗೆ ಗಾಡಿ ಕಟ್ಟಲು ಹೇಳಿದಳು. 'ಗುಂಡ್ಲುಪೇಟೆಗೋಗನ ನಡಿ ಕೂಸೆ. ವೀಳ್ಯ ವಾಪಸ್ ಕೊಟ್ಟುಬುಟ್ಟು ಬರನ.'

ವರದಿಗಾರ ಅಭ್ಯರ್ಥಿಯ ಮನೆಗೆ ಹೋಗಿ ಅವರಿಗೆ ಬರುವ ವೋಟು ತಪ್ಪಿಸಿದ ಎಂದು ಮೈಸೂರಿಗೆ ದೂರು ಹೋದರೆ? ನೋಟ್ ಪುಸ್ತಕವನ್ನು ಮನೆಯಲ್ಲೇ ಬಿಟ್ಟೆ, ನಾನು ಹೋಗುತ್ತಿರುವುದು ಬರಿಯ ಮಗನಾಗಿ ಎಂಬುದಕ್ಕೆ ಸಾಕ್ಷಿಯಾಗಲಿ ಎಂದು. ಪೆನ್ಸಿಲು ಮಾತ್ರ ಕಿವಿಯಲ್ಲೇ ಇತ್ತು.

ಸಾಹುಕಾರರ ಮನೆಯ ಜಗಲಿ ಜನರಿಂದ ತುಂಬಿತ್ತು. ದೊಡ್ಡವ್ವ ಮೆಟ್ಟಿಲ ಕೆಳಗೇ ನಿಂತಳು.

'ಓ, ಅತ್ತಿಗಮ್ಮ! ಯೋಳ್ ಕಳ್ಸಿದ್ರೆ ಜೀಪೇ ಬರ್ತಿತ್ತಲ್ಲ' ಎಂದರು ಸಾಹುಕಾರರು.

ದೊಡ್ಡವ್ವ ಸೆರಗಿನಿಂದ ಒಂದು ಬಾಳೆಎಲೆಯ ತುಂಡು ತೆಗೆದು ಬಿಚ್ಚಿದಳು. ಎರಡು ವೀಳ್ಯದೆಲೆ, ಒಂದು ಅಡಿಕೆ.

'ನೀ ಕೊಟ್ಟಿದ್ದ ಎಲೆ ಬಾಡೋಯ್ತು ಕಣಪ್ಪ. ಇದು ನಮ್ ಇತ್ಲುದು, ಇವತ್ ಕುಯ್ದುದ್ದು. ತಗ, ನಿನ್ ವೀಳ್ಯ ನಿಂಗೇ.'

ಜಗಲಿಯ ಕಂಬಕ್ಕೆ ಒರಗಿದ್ದವನೊಬ್ಬ, 'ಲಾಯ್ರಿ ಇದ್ಕಿಂತ ದೊಡ್ಡದೇನೋ ಕೊಟ್ಟವ್ನೆ ಅಂತ ಕಾಣ್ತದೆ' ಎಂದ.

'ಏನೂ ಕೊಡ್ನಿಲ್ಲ ಕಣ್ಲಾ' ಎಂದಳು ದೊಡ್ಡವ್ವ ಅವನ ಕಡೆ ತಿರುಗದೆ. 'ಒಂದ್ ಚೊಂಬು ನೀರು ನಮ್ದೇ ಕುಡ್ಕಂಡೋದ.'

ಯಾರೋ ಕಿಸಕ್ಕೆಂದರು. ಸಾಹುಕಾರರು ನಗಲಿಲ್ಲ. 'ನಾನೇನ್ ತಪ್ಪು ಮಾಡ್ದೆ ಅತ್ತಿಗಮ್ಮ?' ಎಂದು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯದವನ ದನಿ.

'ರಾಸಿ ಅಳ್ಯೋ ವೊತ್ನಲ್ಲಿ ಬೂಡ್ಸ್ ಆಕ್ಕಂಡು ಕಣಕ್ ಬಂದಲ್ಲಪ್ಪ. ತುತ್ತೂರಿ ಊದಿಸ್ದೆ. ಇಪ್ಪತ್ತ್ ಕೊಳಗ ತಿರ್ಗಾ ರಾಸಿಗೆ ಸುರುದೋ. ನಿಂಗೊತ್ತಿರ್ನಿಲ್ಲ, ನಂಗೊತ್ತು. ಅದ್ಕೇ ಬುದ್ದಿ ಯೋಳಕ್ ಬರ್ನಿಲ್ಲ. ಮಾತ್ ಬುಡಿಸ್ಕಂಡೋಗಕ್ ಬಂದೆ.'

ಸಾಹುಕಾರರು ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. ಆಗಲೂ ಬೂಟಿತ್ತು. ಬಗ್ಗಿ, ಒಂದೊಂದಾಗಿ ಬಿಚ್ಚಿದರು. ಸ್ಥೂಲ ಶರೀರ, ಹೊತ್ತು ಹಿಡಿಯಿತು. ಕೆಳಗಿಳಿದು ಬಂದು ಎರಡೂ ಕೈ ಒಡ್ಡಿ ಎಲೆ ತೆಗೆದುಕೊಂಡರು.

'ಈ ತಾಲ್ಲೂಕ್ನಲ್ಲಿ ನಾನ್ ವೀಳ್ಯ ಕೊಡ್ದೆ ಇರೋ ಮನೆ ಇಲ್ಲ ಅತ್ತಿಗಮ್ಮ' ಎಂದರು. 'ವಾಪಸ್ ತಂದೋರು ನೀವೊಬ್ರೆ. ಮಿಕ್ಕೋರೆಲ್ಲ ನನಗೇ ಆಕ್ತಾರೆ ಅಂತ ತಿಳ್ಕಂಡು ನಿದ್ದೆ ಮಾಡ್ತಿದ್ದೆ. ಇವತ್ನಿಂದ ಅದೂ ಓಯ್ತು.'

ಈಗ ಇಡೀ ಜಗಲಿ ನಕ್ಕಿತು. ಅವರೂ ನಕ್ಕರು. 'ಉಂಡ್ಕಂಡೋಗಿ' ಎಂದರು. ದೊಡ್ಡವ್ವ ಒಳಗೆ ಹೋಗಿ ಕೂತು ಎರಡು ಸಲ ಅನ್ನ ಹಾಕಿಸಿಕೊಂಡಳು. ಹಿಂದಿನ ಸಂಜೆಯ ಮುದ್ದೆಯ ಪಾಲೂ ಸೇರಿತ್ತೆಂದು ಕಾಣುತ್ತದೆ. ಗಾಡಿಯಲ್ಲಿ ವಾಪಸು ಬರುವಾಗ, 'ಉಸ್ಸಪ್ಪಾ, ಎದೆ ಮೇಲ್ ಕೂತಿದ್ದ ಕಲ್ಲು ಎದ್ದೋಯ್ತು ಕಣ್ ಕೂಸೆ' ಎಂದವಳು ಊರು ಬರುವವರೆಗೆ ಗೊರಕೆ ಹೊಡೆದಳು. ನನಗೆ ನಿದ್ದೆ ಬರಲಿಲ್ಲ. ನನ್ನ ಕಲ್ಲು ನನ್ನಲ್ಲೇ ಇತ್ತು.

ವೋಟಿನ ದಿನ ನಮ್ಮೂರ ಶಾಲೆಯ ಮುಂದೆ ಜನ ಸಾಲು ನಿಂತರು. ಕೋಣೆಯ ಬಾಗಿಲಿನ ಎರಡೂ ಪಕ್ಕ ಮೆಟ್ಟುಗಳ ಸಾಲು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಮೈಸೂರಿನಿಂದ ಬಂದಿದ್ದ ಅಧಿಕಾರಿ, 'ಹಾಕಿಕೊಂಡೇ ಬನ್ನಿ, ಪರವಾಗಿಲ್ಲ' ಎಂದು ಎರಡು ಮೂರು ಸಲ ಹೇಳಿ ಸೋತು ಸುಮ್ಮನಾದರು. ಅವರು 'ಪುಟ್ಟಮಲ್ಲಮ್ಮ' ಎಂದು ಕೂಗಿದಾಗ ಊರಿನ ಅರ್ಧ ಜನ ಅದು ಯಾರೆಂದು ಹಿಂದೆ ಮುಂದೆ ನೋಡಿದರು. ದೊಡ್ಡವ್ವ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಪರದೆಯ ಹಿಂದೆ ಇದ್ದಳು. ಹೊರಗೆ ಬಂದವಳ ಮುಖದಲ್ಲಿ, ಹೆರಿಗೆ ಮಾಡಿಸಿ ಬಂದ ಸೂಲಗಿತ್ತಿಯ ಮುಖದಲ್ಲಿರುವಂಥ ಸಮಾಧಾನವಿತ್ತು.

ಗೆದ್ದವರು ಯಾರು ಎಂಬುದು ನಿಮ್ಮ ಪ್ರಶ್ನೆಯಾದರೆ, ಸಾಹುಕಾರರೇ. ವಕೀಲರು ಸೋತರು. ಅದನ್ನು ನಾನು ನಾಲ್ಕು ಸಾಲಿನಲ್ಲಿ ಕಳಿಸಿದೆ, ಸಂಪಾದಕರು ಮೂರು ಸಾಲು ಮಾಡಿ ಹಾಕಿದರು. ಗೆದ್ದ ಮೇಲೆ ಸಾಹುಕಾರರು ನಮ್ಮೂರಿಗೆ ಬಂದಾಗ ಜೀಪನ್ನು ಊರ ಹೊರಗೇ ಬಿಟ್ಟು ನಡೆದು ಬಂದರು. ದೊಡ್ಡವ್ವ ಬಾಗಿಲಿನಿಂದ ಅವರ ಕಾಲು ನೋಡಿದಳು. ನೋಡಿ, ಒಳಗೆ ಹೋಗಿ ಮಜ್ಜಿಗೆ ತಂದಳು. ಜನ ಅಭ್ಯರ್ಥಿಯಲ್ಲಿ ಏನು ನೋಡುತ್ತಾರೆ ಎಂಬ ನನ್ನ ಲೇಖನ ಮಾತ್ರ ಹೋಗಲೇ ಇಲ್ಲ. ರಸ್ತೆ, ನೀರು, ಶಾಲೆ, ಆಸ್ಪತ್ರೆಯ ಮನೆಗಳು ಇವತ್ತಿಗೂ ಆ ಪುಸ್ತಕದಲ್ಲಿ ಖಾಲಿಯಾಗಿಯೇ ಇವೆ.

ಆದರೆ ನಾನು ಹೇಳಬೇಕೆಂದು ಹೊರಟದ್ದು ವೋಟಿನ ದಿನದ ಮಾತು. ಶಾಲೆಯಿಂದ ಮನೆಗೆ ನಡೆದು ಬರುತ್ತಿದ್ದೆವು. ಚೀಟಿ ಪೆಟ್ಟಿಗೆಗೆ ಬಿದ್ದಾಗಿತ್ತು. ಇನ್ನು ತಡೆಯಲಾಗಲಿಲ್ಲ.

'ದೊಡ್ಡವ್ವ, ಒಂದ್ ಮಾತು. ಲಾಯರಿಗೆ ಅವತ್ತು ಗಂಟಲು ಕಟ್ಟಿತ್ತು. ಮಾತಾಡಕ್ಕೇ ಆಗ್ತಿರ್ಲಿಲ್ಲ. ಅದಕ್ಕೇ ಸುಮ್ನೆ ನಿಂತಿದ್ರು.'

ಅವಳು ನಡೆಯುತ್ತಲೇ ಇದ್ದಳು. 'ಗಂಟ್ಲು ಅವಂದ್ ಕಟ್ಟಿತ್ತು. ಆ ಗುಮಾಸ್ತಂದು ಕಟ್ಟಿತ್ತಾ? ಅವ ಬಂದೋನೆ ಬಾಯ್ ತೆಗುದ. ಲಾಯ್ರಿ ಅವ್ನ ರಟ್ಟೆ ಇಡ್ದು ಅದುಮ್ದ. ಆಮೇಲ್ ತಾನೆ ಅವ ಬಂದು ನಿನ್ ಪಕ್ಕದಲ್ ಕೂತಿದ್ದು?'

ನಾನು ಅದನ್ನು ಕಂಡಿರಲಿಲ್ಲ.

'ಸರಿ. ಆದರೆ ಚಪ್ಪಲಿ? ಕಣ ಅಂತ ಬಿಟ್ಟದ್ದಲ್ಲ ದೊಡ್ಡವ್ವ. ಹಳ್ಳದಲ್ಲಿ ಬಾರು ಕಿತ್ತೋಯ್ತು. ನಾನೇ ನೋಡ್ದೆ.'

ದೊಡ್ಡವ್ವ ನಿಂತು ನನ್ನ ಮುಖ ನೋಡಿದಳು. ಮರುಕದಿಂದ ನೋಡಿದಳು ಎನ್ನಬೇಕು.

'ನಾನೂ ನೋಡ್ದೆ ಕಣ್ಲಾ. ಕಿತ್ತೋಗಿದ್ದು ಒಂದ್ ಕಾಲ್ದು. ಹಳ್ಳದಿಂದ ಕಣದ್ ಗಂಟ ಇನ್ನೊಂದ್ ಕಾಲ್ದ ಆಕ್ಕಂಡೇ ಕುಂಟ್ಕಂಡ್ ಬಂದ. ಹುಣ್ಸೆಮರದ್ ತಾವ ಅದ್ನೂ ಬಿಚ್ಚುದ. ಯಾಕ್ ಬಿಚ್ಚುದ, ಯೋಳು?'

ನಾನು ನಿಂತಲ್ಲೇ ಕಿಸೆಯಿಂದ ನೋಟ್ ಪುಸ್ತಕ ತೆಗೆದು ಆ ದಿನದ ಹಾಳೆ ಹುಡುಕಿದೆ. ಹಳ್ಳದ ಹತ್ತಿರ ಬಾರು ಕಿತ್ತಿತು, ಎಂದಿತ್ತು. ಗಂಟಲು ಕಟ್ಟಿದೆ, ಎಂದಿತ್ತು. ಇನ್ನೊಂದು ಕಾಲಿನ ಸುದ್ದಿಯೇ ಇರಲಿಲ್ಲ.

'ಅವಾಗ ನೀ ಬಗ್ಗಿ ಬರ್ಕತಿದ್ದೆ ಕೂಸೆ' ಎಂದಳು ದೊಡ್ಡವ್ವ. 'ನಡಿ, ಅಸಿವಾಯ್ತದೆ.'

ಪುಸ್ತಕವನ್ನು ಕಿಸೆಗೆ ಹಾಕಿಕೊಂಡು ಅವಳ ಹಿಂದೆ ನಡೆದೆ. ಅಷ್ಟು ದಿನದಿಂದ ಹೊತ್ತಿದ್ದುದು ಇಳಿದುಹೋಗಿತ್ತು. ಮುಂದೆ ಅವಳ ಬಿರುಕುಬಿಟ್ಟ ಹಿಮ್ಮಡಿಗಳು ಧೂಳಿನಲ್ಲಿ ಒಂದಾದ ಮೇಲೊಂದು ಏಳುತ್ತಿದ್ದವು. ಮನೆ ಬರುವವರೆಗೂ ನಾನು ಅವನ್ನೇ ನೋಡುತ್ತಾ ಬಂದೆ.